ಜಮೈಕಾದವರು ಕೇಳಿದ ಮದುವೆ ಕಾಗದ

ಆ ಸೋಮವಾರ ನಾನು ತಾಲ್ಲೂಕು ಕಚೇರಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ನನ್ನ ತಂಗಿಯ ಮದುವೆ ಹೇಗೆ ನಡೆಯಿತೆಂದು ಅಲ್ಲಿ ನಿಜ ಹೇಳಬೇಕಿತ್ತು, ಅಷ್ಟೆ. ಆ ಮದುವೆ ಮಾಡಿಕೊಟ್ಟವನು ನಾನೇ. ಈಗ ಯಾರಾದರೂ 'ಆ ಕಾಲ ಹಾಗಿತ್ತು, ನೀವೇನು ಮಾಡೋಕಾಗ್ತಿತ್ತು' ಎಂದು ಸಮಾಧಾನ ಹೇಳಿದರೆ ನನಗೆ ಮೈ ಉರಿಯುತ್ತದೆ. ಕಾಲಕ್ಕೆ ಬಾಯಿರಲಿಲ್ಲ. ನನಗಿತ್ತು.

ತಂಗಿ ಹದಿನೇಳಕ್ಕೆ ವಿಧವೆಯಾದಳು. ಅವಳ ಗಂಡ ಚಳಿಜ್ವರದಲ್ಲಿ ಹೋದ. ಅಪ್ಪ ಆಗಲೇ ಇರಲಿಲ್ಲ, ಆದ್ದರಿಂದ ನನ್ನ ಮನೆಗೆ ಬಂದಳು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವಳು ಎದುರು ಬರಬಾರದೆಂದು ನನ್ನ ಹೆಂಡತಿ ಅವಳನ್ನು ಹಿತ್ತಲಿಗೆ ಕಳಿಸುತ್ತಿದ್ದಳು. ನಾನು ಬೇಡ ಅನ್ನಲಿಲ್ಲ. ಆರು ವರ್ಷ ಹೀಗೆ ಕಳೆದ ಮೇಲೆ ಪಕ್ಕದ ಎಸ್ಟೇಟಿನವನೊಬ್ಬ ಅವಳನ್ನು ಕೇಳಿದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುತ್ತಿದ್ದವನು, ನಮ್ಮ ಜನವೇ, ಹೆಂಡತಿ ಸತ್ತವನು. ಕೂಡಿಕೆ ಮಾಡಿಕೊಟ್ಟೆವು.

ನಮ್ಮಲ್ಲಿ ಗಂಡಸು ಎರಡನೇ ಸಲ ಮದುವೆಯಾದರೆ ಚಪ್ಪರ, ವಾಲಗ, ಧಾರೆ ಎಲ್ಲ ಉಂಟು. ಹೆಂಗಸಿಗಾದರೆ ಕೂಡಿಕೆ. ವಾಲಗವಿಲ್ಲ, ಮುತ್ತೈದೆಯರು ಬರುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಹೆಣ್ಣಿನ ಕಡೆಯ ಹಿರಿಯ ಒಂದು ಹೊಸ ಸೀರೆ ಅವಳ ಕೈಗಿಟ್ಟು ಗಂಡನ ಜೊತೆ ಕಳಿಸುವುದು. ಕುಲದ ಯಜಮಾನರು ಎಲೆಯಡಿಕೆ ತೆಗೆದುಕೊಂಡರೆಂದರೆ ಅದು ಮದುವೆಯೇ, ಮಕ್ಕಳಿಗೆ ಹಕ್ಕೂ ಉಂಟು. ಆದರೂ ಅದನ್ನು ಕದ್ದ ಮಾಲಿನಂತೆ ಬಚ್ಚಿಡುವುದು ನಮ್ಮ ಜನದ ಮರ್ಯಾದೆ. ಥೂ, ಎಂಥ ಮರ್ಯಾದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಆ ಎಸ್ಟೇಟಿನ ಬಿಳಿ ದೊರೆ ತೋಟ ಮಾರಿ, ಜಮೈಕಾ ಎಂಬ ದ್ವೀಪಕ್ಕೆ ಹೋಗಿ ಅಲ್ಲಿನ ಕಾಫಿ ತೋಟವೊಂದಕ್ಕೆ ಮ್ಯಾನೇಜರಾದ. ಯಂತ್ರಗಳ ಕೆಲಸಕ್ಕೆಂದು ತಂಗಿಯ ಗಂಡನನ್ನೂ ಐದು ವರ್ಷದ ಕರಾರಿನ ಮೇಲೆ ಕರೆಸಿಕೊಂಡ. ಒಂದು ವರ್ಷ ಕಳೆದ ಮೇಲೆ, ಹೆಂಡತಿಯೂ ಬರಬಹುದೆಂದು ಕಾಗದ ಬಂತು. ಜೊತೆಗೆ ಟೈಪು ಮಾಡಿದ ಇಂಗ್ಲಿಷ್ ಪಟ್ಟಿ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅದನ್ನು ಓದಿ ಹೇಳಿದರು. ಪಾಸ್‌ಪೋರ್ಟ್ ಬೇಕು. ಸಿಡುಬಿನ ದಾಕು ಹಾಕಿಸಿಕೊಂಡು, ಅದು ಎದ್ದಿದೆಯೆಂದು ಡಾಕ್ಟರ ಕೈಲಿ ಬರೆಸಬೇಕು. ಪೊಲೀಸರಿಂದ ನಡತೆಯ ಕಾಗದ. ವಾಪಸು ಕಳಿಸುವ ಜವಾಬ್ದಾರಿ ತಮ್ಮದೆಂದು ತೋಟದವರ ಪತ್ರ; ಅದನ್ನು ದೊರೆಯೇ ಕೊಟ್ಟಿದ್ದ. ಆ ದ್ವೀಪದ ಸರ್ಕಾರದ ಅನುಮತಿ ಪತ್ರವೂ ಬಂದಿತ್ತು, ಆದರೆ ಅದಕ್ಕೊಂದು ಕೊನೆಯ ತಾರೀಖು. ಅಷ್ಟರೊಳಗೆ ಹಡಗು ಹತ್ತದಿದ್ದರೆ ಅದು ಬರೀ ಕಾಗದ. ಕೊನೆಯದಾಗಿ, ಇವಳು ಅವನ ಹೆಂಡತಿಯೇ ಎಂಬುದಕ್ಕೆ ಮದುವೆಯ ಕಾಗದ. ಅದು ಇಲ್ಲದಿದ್ದರೆ, ಹೆಣ್ಣು ಕೊಟ್ಟವರು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು.

ಊರಲ್ಲಿ ನಗಾಡಿದರು. ಗಂಡನ ಮನೆಗೆ ಹೋಗೋಕೆ ದಾರಿ ಕೇಳಬೇಕು, ಇವಳು ಸರ್ಕಾರನ ಕೇಳ್ತಾಳೆ ಅಂದರು. ತಂಗಿ ಯಾರ ಮಾತಿಗೂ ಕಿವಿ ಕೊಡಲಿಲ್ಲ. ಸೋಮವಾರಪೇಟೆಗೆ ಹೋಗಿ ಫೋಟೋ ತೆಗೆಸಿಕೊಂಡಳು. ದಾಕು ಹಾಕಿಸಿಕೊಂಡು ತೋಳು ಬಾತು ಮೂರು ದಿನ ಜ್ವರದಲ್ಲಿ ಮಲಗಿದಳು. ಪೊಲೀಸ್ ಠಾಣೆಗೆ ನಾಲ್ಕು ಸಲ ಹೋಗಿ ಬಂದಳು. ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಹಟ ಹಿಡಿದು, ನನ್ನ ಮಗಳ ಕೈಲಿ ರುಜು ಹಾಕುವುದನ್ನು ಕಲಿತಳು. ನಾನು ಮೂರನೇ ಕ್ಲಾಸು ಓದಿದವನು. ಅವಳ ಹೆಸರು ಬರೆಯುವುದನ್ನು ನಾನೇ ಕಲಿಸಬಹುದಿತ್ತು. ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದ ದಿನ ಅದನ್ನು ನನಗೆ ತೋರಿಸಿ ಹೇಳಿದಳು:

"ಅಣ್ಣಯ್ಯ, ಮಿಕ್ಕಿದ್ದೆಲ್ಲ ನಾನೇ ಮಾಡ್ಕಂಡಿದೀನಿ. ನೀನು ಬಂದು ಒಂದು ಮಾತು ಹೇಳಿದ್ರೆ ಆಯ್ತು."

ಆಗ ನನ್ನ ಮಗಳಿಗೆ ಕೊಡ್ಲಿಪೇಟೆ ಕಡೆಯ ಮನೆತನವೊಂದರಿಂದ ಸಂಬಂಧ ಬಂದಿತ್ತು. ಮನೆಯಲ್ಲಿ ಕೂಡಿಕೆ ಆದವರು ಉಂಟೋ ಎಂದು ಅವರು ಕೇಳಿದ್ದರು. ಇಲ್ಲ, ತಂಗಿಯನ್ನು ಧಾರೆ ಎರೆದೇ ಕೊಟ್ಟದ್ದು ಎಂದಿದ್ದೆ. ನಿಶ್ಚಿತಾರ್ಥವೂ ಆಗಿತ್ತು. ತಂಗಿಗೆ ಇದನ್ನು ಹೇಳಲಿಲ್ಲ. ಕಾಫಿ ಕುಯ್ಲು, ಆಳಿಲ್ಲ ಎಂದು ಎರಡು ವಾರ ಮುಂದೂಡಿದೆ. ಕೊನೆಗೆ ಒಂದು ಶುಕ್ರವಾರ ಅವಳ ಜೊತೆ ಕಚೇರಿಗೆ ಹೋದೆ.

ಒಳಗೆ ಕಾಲಿಟ್ಟರೆ ಬೆಂಚಿನ ಮೇಲೆ ಬೀಗರ ತಮ್ಮ ಕೂತಿದ್ದ. ಕಂದಾಯದ ಕೆಲಸಕ್ಕೆ ಬಂದವನು. ಏನು ಬೀಗರೇ ಈ ಕಡೆ ಎಂದು ಕೈಮುಗಿದ. ನಾನು ಏನೋ ತೊದಲಿದೆ. ಅಷ್ಟರಲ್ಲಿ ನಮ್ಮನ್ನು ಕೂಗಿದರು.

ಮ್ಯಾಜಿಸ್ಟ್ರೇಟರೂ ಆಗಿದ್ದ ಅಧಿಕಾರಿ ಮೈಸೂರು ಕಡೆಯವರು, ಹೊಸಬರು. ಕಾಗದಗಳನ್ನೆಲ್ಲ ಒಂದೊಂದಾಗಿ ನೋಡಿದರು. ತಂಗಿ ಸೆರಗು ಬಿಗಿ ಹಿಡಿದು ನಿಂತಿದ್ದಳು. ಮದುವೆ ಹೇಗಾಯಿತು ಹೇಳಯ್ಯ ಎಂದರು. ಬೆಂಚು ನಾಲ್ಕು ಮಾರು ದೂರದಲ್ಲಿತ್ತು.

"ಧಾರೆ ಎರೆದು ಕೊಟ್ಟೆ ಸ್ವಾಮಿ," ಎಂದೆ.

ಅವರು ತಂಗಿ ತಂದ ಕಟ್ಟಿನಿಂದ ಮತ್ತೊಂದು ಕಾಗದ ತೆಗೆದರು. ಅದು ತಂಗಿಯ ಗಂಡ ದ್ವೀಪದ ನ್ಯಾಯಾಧಿಕಾರಿಯ ಮುಂದೆ ಮಾಡಿದ ಪ್ರಮಾಣ. ಅವನು ಸತ್ಯವಂತ, ಇದ್ದದ್ದನ್ನು ಇದ್ದ ಹಾಗೆ ಬರೆಸಿದ್ದ.

"ಇದರಲ್ಲಿ ಕೂಡಿಕೆ ಅಂತಿದೆಯಲ್ಲಯ್ಯ. ಯಾವುದು ನಿಜ?"

ನಾನು ಬೆಂಚಿನ ಕಡೆ ನೋಡಿದೆ. ಕೂಡಿಕೆ ಅಂದರೇನು ಎಂದು ಅವರು ಗುಮಾಸ್ತನನ್ನು ಕೇಳಿ ತಿಳಿದುಕೊಂಡರು. ಅದೂ ಮದುವೆಯೇ, ಅದಕ್ಕೇನೂ ಅಡ್ಡಿಯಿಲ್ಲ, ಇದ್ದದ್ದು ಹೇಳು ಎಂದರು. ಅವರು ಗದರಲಿಲ್ಲ. ಗದರಿದ್ದರೆ ಇವತ್ತು ಅವರನ್ನು ಬೈಯಲಾದರೂ ಆಗುತ್ತಿತ್ತು.

"ಅಣ್ಣಯ್ಯ," ಎಂದಳು ತಂಗಿ.

"ಧಾರೆನೇ ಸ್ವಾಮಿ."

ಎರಡು ಮಾತು ಒಂದಕ್ಕೊಂದು ಕೂಡದಿದ್ದರೆ ತಾನು ರುಜು ಹಾಕುವಂತಿಲ್ಲ ಎಂದರು. ನಂತರ ಬೆಂಚಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಏನು ಅರ್ಥವಾಯಿತೋ, ದನಿ ತಗ್ಗಿಸಿ ಹೇಳಿದರು: "ಸೋಮವಾರ ಬಾ. ಆವಾಗ ಇಲ್ಲಿ ಜನ ಇರೋಲ್ಲ. ಅವತ್ತು ಹೇಳಿದರೂ ಸಾಕು."

ಅನುಮತಿಯ ತಾರೀಖಿಗೆ ಇನ್ನೂ ಹದಿನೆಂಟು ದಿನವಿತ್ತು. ಬಸ್ಸಿನಲ್ಲಿ ತಂಗಿಗೆ ಬೀಗರ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಹೆಣ್ಣು ಹೆತ್ತವನ ಕಷ್ಟ ನನಗೆ ಗೊತ್ತಿಲ್ವಾ, ಸೋಮವಾರ ಹೋಗಿ ಬರೋಣ ಬಿಡು ಎಂದಳು.

ಸೋಮವಾರ ಬೆಳಿಗ್ಗೆ ಮೈಗೆ ಹುಷಾರಿಲ್ಲವೆಂದು ಹೆಂಡತಿಯ ಕೈಲಿ ಹೇಳಿಸಿದೆ. ಹುಷಾರಾಗಿಯೇ ಇದ್ದೆ. ಕೊಟ್ಟಿಗೆಯ ಹಿಂದೆ ಕೂತು ಬುಟ್ಟಿಗೆ ಬಿದಿರು ಸೀಳುತ್ತಿದ್ದೆ. ಅಲ್ಲಿಂದ ರಸ್ತೆ ಕಾಣುತ್ತದೆ. ತಂಗಿ ಕಾಗದದ ಕಟ್ಟು ಎದೆಗವಚಿಕೊಂಡು ನಿಂತಿದ್ದಳು. ಮೊದಲ ಬಸ್ಸು ಬಂತು, ಹೋಯಿತು. ನಾನು ತಡವಾಗಿಯಾದರೂ ಬಂದೇನೆಂದು ಎರಡನೆಯದನ್ನೂ ಬಿಟ್ಟಳು. ಮಧ್ಯಾಹ್ನದ ಬಸ್ಸೂ ಹೋದ ಮೇಲೆ ಎಸ್ಟೇಟಿನ ಆಳುಗಳ ಸಾಲಿನಲ್ಲಿದ್ದ ತನ್ನ ಲೈನ್ ಮನೆಯ ಕಡೆ ನಡೆದಳು. ಮರುದಿನ ಬಂದು ಕೇಳಿದಳು. ನಾಳೆ ಎಂದೆ. ಅದರ ಮರುದಿನವೂ ನಾಳೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ತಾರೀಖು ದಾಟಿತು.

ಮಗಳ ಮದುವೆ ಆಯಿತು. ಕೂಡಿಕೆಯ ವಿಷಯ ಬೀಗರಿಗೆ ವರ್ಷದೊಳಗೆ ಗೊತ್ತಾಯಿತು. ಯಾರೂ ಏನೂ ಅನ್ನಲಿಲ್ಲ. ಅವರ ಮನೆಯಲ್ಲೇ ಎರಡು ಕೂಡಿಕೆ ಆಗಿತ್ತಂತೆ, ಅವರೂ ಬಚ್ಚಿಟ್ಟಿದ್ದರು. ಅದನ್ನು ಕೇಳಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೀಗರ ಮೇಲೆ ಕೂಗಾಡಿದೆ, ಹೆಂಡತಿಯ ಮೇಲೆ ಕೂಗಾಡಿದೆ, ಕಾಗದ ಕೇಳಿದ ಕಂಡರಿಯದ ದ್ವೀಪದವರನ್ನೂ ಬೈದೆ. ಬೈಯಬೇಕಾದವನೊಬ್ಬನನ್ನು ಬಿಟ್ಟು.

ಕರಾರು ಮುಗಿಸಿ ತಂಗಿಯ ಗಂಡ ವಾಪಸು ಬಂದ. ಅಷ್ಟು ಹೊತ್ತಿಗೆ ತಂಗಿಯ ತಲೆಯಲ್ಲಿ ಬಿಳಿ ಕೂದಲು ಕಾಣುತ್ತಿತ್ತು. ಅವರಿಗೆ ಮಕ್ಕಳಾಗಲಿಲ್ಲ. ನಾನು ನೋಡಲು ಹೋದೆ. ಅವನು ಆ ಊರಿನ ಗುಡ್ಡ, ಮಂಜು, ನಮ್ಮದೇ ಥರದ ಕಾಫಿ ಗಿಡ ಎಲ್ಲ ಹೇಳಿದ. ನಡುವೆ ತಂಗಿಯನ್ನು ತೋರಿಸಿ ನಕ್ಕ.

"ನಿಮ್ಮ ತಂಗಿ ಇಷ್ಟು ಪುಕ್ಕಲಿ ಅಂತ ಗೊತ್ತಿರಲಿಲ್ಲ ಭಾವ. ಕಾಗದ ಎಲ್ಲ ಆಗಿತ್ತು, ಎರಡು ರೂಮಿನ ಮನೆ ಹಿಡಿದಿದ್ದೆ. ಇವಳು ನೋಡಿದ್ರೆ, ಸಮುದ್ರ ಅಂದ್ರೆ ಹೆದರಿಕೆ ಆಗ್ತದೆ, ಬರಾಕಿಲ್ಲ ಅಂತ ರೈಟರ ಕೈಲಿ ಬರೆಸಿದ್ಲು."

ತಂಗಿ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ತಲೆ ಎತ್ತಲಿಲ್ಲ. ಊರ ಹೆಂಗಸರು ಅವಳನ್ನು ಹಡಗಮ್ಮ ಎಂದು ಯಾಕೆ ಆಡಿಕೊಳ್ಳುತ್ತಿದ್ದರೆಂದು ನನಗೆ ಆಗ ತಿಳಿಯಿತು. ಇಷ್ಟು ವರ್ಷ ಗಂಡನ ಹತ್ತಿರವೂ ನನ್ನ ಹೆಸರೆತ್ತಿರಲಿಲ್ಲ. ಆಗಲೂ ನಾನು ಸುಮ್ಮನಿರಬಹುದಿತ್ತು, ಅವಳು ಹೇಳುತ್ತಿರಲಿಲ್ಲ. ಎದ್ದು ನಿಂತೆ.

"ಅವಳು ಹೆದರಲಿಲ್ಲ ಭಾವ," ಎಂದೆ. "ನಾನು ಕಚೇರೀಲಿ ಸುಳ್ಳು ಹೇಳ್ದೆ, ಅದಕ್ಕೇ ಅವಳಿಗೆ ಕಾಗದ ಸಿಗಲಿಲ್ಲ."

ಅವನು ಲೋಟ ಕೆಳಗಿಟ್ಟ. ತಂಗಿ, ಅದೆಲ್ಲ ಯಾಕೀಗ, ಕೂತ್ಕೋ ಎಂದಳು. ನಾನು ಕೂರಲಿಲ್ಲ, ಅವಳ ಕಡೆ ತಿರುಗಿದೆ.

"ಶುಕ್ರವಾರ ಬೀಗರಿಗೆ ಹೆದರಿ ಹೇಳ್ಲಿಲ್ಲ. ಸೋಮವಾರ ಅಲ್ಲಿ ಯಾವ ಬೀಗನೂ ಇರ್ಲಿಲ್ಲ. ನಾನು ಮೈಸೂರು ದಾಟಿ ಹೋದೋನಲ್ಲ, ನೀನು ಸಮುದ್ರ ದಾಟೋದು ನನ್ನ ಕೈಲಿ ತಡಕೊಳ್ಳೋಕೆ ಆಗ್ಲಿಲ್ಲ. ಹೊಟ್ಟೆಕಿಚ್ಚು ಕಣವ್ವ, ಬೇರೇನಲ್ಲ. ತಪ್ಪಾಯ್ತು. ತಪ್ಪಾಯ್ತು ತಂಗಿ."