ಗಂಡಿನ ಕಡೆಯ ಟ್ಯಾಬು

ಹೆಣ್ಣು ನೋಡಲು ಬರುವವರು, ವೆಬ್‌ಪುಟ ನೋಡಲು ಬರುವವರು, ಇಬ್ಬರೂ ಮೊದಲು ನೋಡುವುದು ಬಣ್ಣವನ್ನೇ. ಇದು ನನ್ನ ಊಹೆಯಲ್ಲ, ಅನುಭವ. ಭಾನುವಾರ ಖಾನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಮೊದಲ ತರದವರ ಮುಂದೆ ಅವಲಕ್ಕಿ ತಟ್ಟೆ ಹಿಡಿದು ನಿಂತು, ಸೋಮವಾರ ಬೆಳಗಾವಿಯ ಬಸ್ಸು ಹತ್ತಿ, ಎರಡನೆಯ ತರದವರ ಮುಂದೆ ಮೌಸ್ ಹಿಡಿದು ಕೂರುತ್ತಿದ್ದವಳು ನಾನು. "ಬಣ್ಣ ಒಂಚೂರು ಕಪ್ಪಾತು" ಎಂಬ ಮಾತನ್ನು ಎರಡೂ ದಿನ ಕೇಳುತ್ತಿದ್ದೆ. ಪುಟದ್ದಾದರೆ ತಿಳಿ ಮಾಡಿಕೊಡುತ್ತಿದ್ದೆ.

ಇಸವಿ ಎರಡು ಸಾವಿರದ ಆಸುಪಾಸು. ಕಿರಾಣಿ ಅಂಗಡಿಯವರೂ ಇಂಟರ್‌ನೆಟ್ಟಿನ ಮಾತಾಡುತ್ತಿದ್ದ ಕಾಲ. ಶಿವಬಸವ ನಗರದಲ್ಲಿ ವಧು-ವರರ ಕೇಂದ್ರ ನಡೆಸುತ್ತಿದ್ದ, ಅಪ್ಪನಿಗೆ ದೂರದ ಸಂಬಂಧಿಯಾದ ಈರಣ್ಣ ಕಾಕಾನಿಗೆ ತನ್ನ ಕೇಂದ್ರವೂ ಕಂಪ್ಯೂಟರಿನೊಳಗೆ ಹೋಗಬೇಕೆಂಬ ಹಟ ಹುಟ್ಟಿತು. ಬೆಳಿಗ್ಗೆ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಮಧ್ಯಾಹ್ನದ ಹೊತ್ತು ಆ ಕೆಲಸಕ್ಕೆ ಕರೆದ. ಸಂಬಳದ ಜೊತೆಗೆ ಒಂದು ಆಸೆಯನ್ನೂ ತೋರಿಸಿದ: "ನಿನ್ನ ಹೆಸರೂ ಇದರಾಗ ಹಾಕೂಣು ತಂಗಿ. ನಿನಗೂ ಒಂದು ಛಲೋ ಮನಿ ಸಿಗಲಿ."

ಮನೆ ಸಿಗಲಿ ಎಂದು ನನಗೂ ಇತ್ತು. ಆದರೆ ಕಂಪ್ಯೂಟರಿನ ಮುಂದಿನ ಕುರ್ಚಿ ಕೈತಪ್ಪಬಾರದು. ಮದುವೆಯಾದ ಮೇಲೂ ಕೆಲಸ ಮಾಡುತ್ತೇನೆ ಎಂದಾಗಲೆಲ್ಲ ಬಂದವರು ಅವಲಕ್ಕಿ ಮುಗಿಸಿ, "ಊರಿಗೆ ಹೋಗಿ ತಿಳಸ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಊರುಗಳೇನೋ ಹತ್ತಿರದವೇ. ತಿಳಿಸಲು ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ.

ಕಾಕಾನ ಯೋಜನೆ ಸರಳವಾಗಿತ್ತು. ಪುಟದ ನೆತ್ತಿಯ ಮೇಲೆ ಎರಡು ಟ್ಯಾಬು: ‘ವಧು’ ಮತ್ತು ‘ವರ’. ಟ್ಯಾಬು ಎಂದರೆ ಕಚೇರಿಯ ಫೈಲಿನಲ್ಲಿ ಕಿವಿಯಂತೆ ಹೊರಚಾಚಿರುವ ಚೀಟಿ ಇರುತ್ತದಲ್ಲ, ಅದೇ. ಒತ್ತಿದರೆ ಅದರ ಹಾಳೆ ತೆರೆಯುತ್ತದೆ. ‘ವರ’ನ ಹಾಳೆಯಲ್ಲಿ ಉದ್ಯೋಗ, ಸಂಬಳ, ಹೊಲ, ಚಟ, ಮುಂದಿನ ವಿಚಾರ. ‘ವಧು’ವಿನ ಹಾಳೆಯಲ್ಲಿ ಬಣ್ಣ, ಅಡಿಗೆ, ಹಾಡು, ಮಾವನ ಮನೆಯವರೊಂದಿಗೆ ಹೊಂದಿಕೊಳ್ಳುವ ಗುಣ. ಹುಡುಗಿಯರಿಗೂ ಉದ್ಯೋಗದ ಪ್ರಶ್ನೆ ಇರಲಿ ಎಂದೆ. ಕಾಕಾ ಕನಿಕರದಿಂದ ನನ್ನತ್ತ ನೋಡಿ, "ಹೆಣ್ಣಮಕ್ಕಳಿಗೆ ಯಾಕವಾ ಆ ತ್ರಾಸು" ಎಂದ. ನನ್ನ ಸಂಬಳ ಕೊಡುತ್ತಿದ್ದವನೂ ಅವನೇ ಆದ್ದರಿಂದ ಹೇಳಿದಂತೆಯೇ ಹಾಳೆ ಮಾಡಿದೆ.

ಸಿಟ್ಟನ್ನೆಲ್ಲ ಟ್ಯಾಬುಗಳ ಸಿಂಗಾರದ ಮೇಲೆ ತೀರಿಸಿಕೊಂಡೆ. ಆಗಿನ ಬ್ರೌಸರುಗಳಿಗೆ ದುಂಡು ಮೂಲೆ ಎಂದರೇನೆಂದೇ ಗೊತ್ತಿರಲಿಲ್ಲ. ಮೂಲೆಗಳನ್ನು ಪುಟ್ಟ ಚಿತ್ರಗಳಾಗಿ ಕತ್ತರಿಸಿ ಅಂಟಿಸಬೇಕು. ಕನ್ನಡ ಅಕ್ಷರವೂ ಎಲ್ಲರ ಕಂಪ್ಯೂಟರಿನಲ್ಲಿ ಕಾಣದ್ದರಿಂದ ಅದನ್ನೂ ಚಿತ್ರವಾಗಿಯೇ ಬಿಡಿಸಬೇಕು. ಒಂದು ಬ್ರೌಸರಿನಲ್ಲಿ ಅಂದವಾಗಿ ಕೂತ ಟ್ಯಾಬು ಇನ್ನೊಂದರಲ್ಲಿ ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತಿತ್ತು. ತೆರೆದ ಟ್ಯಾಬು ಹೊಳೆಯುತ್ತ ಮುಂದೆ ಬರಬೇಕು, ಅದರ ಕೆಳಗಿನ ಗೆರೆ ಮಾಯವಾಗಿ ಹಾಳೆಯೊಂದಿಗೆ ಬೆರೆತುಹೋಗಬೇಕು, ಇನ್ನೊಂದು ಮಂಕಾಗಿ ಹಿಂದೆ ಸರಿಯಬೇಕು. ಇಷ್ಟು ಸಾಧಿಸಿದ ದಿನ, ಟ್ಯಾಬೇ ಎಲ್ಲ ಹೇಳುವಾಗ ಹಾಳೆಗೆ ಬೇರೆ ಹೆಸರೇಕೆ ಎಂದು ಒಳಗಿನ ತಲೆಬರಹವನ್ನು ತೆಗೆದೇಬಿಟ್ಟೆ. ಆ ಕಾಲದಲ್ಲಿ ನನಗೆ ಇಷ್ಟು ಜಂಬವೂ ಇತ್ತು.

ಬಣ್ಣ ಆರಿಸುವುದು ಲಗ್ನದ ಮುಹೂರ್ತ ಹುಡುಕಿದ ಹಾಗಾಯಿತು. ಅರಿಶಿನ-ಕುಂಕುಮ ಮಂಗಳಕರವೆಂದು ಹಳದಿ-ಕೆಂಪು ಹಾಕಿದರೆ ಮರಾಠಿ ಗಿರಾಕಿಗಳು ಏನೆಂದುಕೊಳ್ಳುತ್ತಾರೋ ಎಂದು ಕಾಕಾ ಬೆವರಿದ. ಕೇಸರಿ ಹಾಕಿದರೆ ಕನ್ನಡದವರ ಭಯ. ಹಸಿರು ಒಂದು ಪಕ್ಷದ್ದು, ನೀಲಿ ಇನ್ನೊಂದರದ್ದು. ಗಡಿಭಾಗದಲ್ಲಿ ಬಣ್ಣಗಳಿಗೂ ಮತದಾರರ ಪಟ್ಟಿಯಲ್ಲಿ ಹೆಸರಿರುತ್ತದೆ. ಕೊನೆಗೆ ಯಾರ ಬಾವುಟದಲ್ಲೂ ಇಲ್ಲದ, ಹಾಲು ಕಡಿಮೆಯಾದ ಚಹಾದ ಬಣ್ಣಕ್ಕೆ ಬಂದು ನಿಂತೆವು. ಎಲ್ಲರಿಗೂ ಸಮನಾಗಿ ಬೇಸರ ತರುವ ಬಣ್ಣವಾದ್ದರಿಂದ ಶಾಂತಿ ನೆಲೆಸಿತು.

ಆ ಶಾಂತಿಯನ್ನು ಕದಡಿದವರು ಪಾರಿಶ್ವಾಡದ ಹಿರಿಯರೊಬ್ಬರು. ಸೋದರಳಿಯನಿಗೆ ಹೆಣ್ಣು ಹುಡುಕಿಕೊಂಡು ಬಂದಿದ್ದರು. ಕಾಕಾ ಅಭಿಮಾನದಿಂದ ‘ವಧು’ ಟ್ಯಾಬು ಒತ್ತಿ ತೋರಿಸಿದ. ಅದು ಹೊಳೆಯುತ್ತ ಮುಂದೆ ಬಂತು, ‘ವರ’ ಮಂಕಾಗಿ ಹಿಂದೆ ಸರಿಯಿತು. ಹಿರಿಯರ ಮುಖವೂ ಮಂಕಾಯಿತು.

"ಇದೇನ್ರಿ ಈರಣ್ಣ, ಗಂಡಿನ ಕಡೀದು ಹಿಂದ ಹೋತು?"

"ಈಗ ಹೆಣ್ಣಿನ ಕಡೀದು ನೋಡಾಕತ್ತೀವಲ್ರಿ, ಅದಕ್ಕ."

"ನೋಡ್ರಿ, ಬ್ಯಾಡ ಅನ್ನೂದಿಲ್ಲ. ಆದರ ಬೀಗರನ್ನ ಹಿಂದ ಕುಂದರಿಸಿ ನೋಡೂದ್ಯಾವ ಪದ್ಧತಿ?"

ನಮ್ಮಲ್ಲಿ ಗಂಡಿನ ಕಡೆಯವರ ಮರ್ಯಾದೆ ಬಹಳ ನಾಜೂಕಿನ ಪದಾರ್ಥ. ಲಗ್ನಪತ್ರಿಕೆಯಲ್ಲಿ ಒಂದು ಹೆಸರು ಕೆಳಗಿಳಿದರೆ, ಪಂಕ್ತಿಯಲ್ಲಿ ಹೋಳಿಗೆ ಒಂದು ಎಲೆ ದಾಟಿ ಬಂದರೆ, ಅದು ಮುಕ್ಕಾಗುತ್ತದೆ. ಈಗ ಆ ಯಾದಿಗೆ ಟ್ಯಾಬು ಸೇರಿತು. ಹೆಣ್ಣಿನ ಕಡೆಯವರನ್ನು ಹಿಂದೆ ಸರಿಸಿದ್ದಕ್ಕೆ ಇದುವರೆಗೆ ಒಬ್ಬರೂ ತಕರಾರು ಮಾಡಿರಲಿಲ್ಲ. ಅವರಿಗೆ ರೂಢಿಯಾಗಿತ್ತು.

"ಎರಡೂ ಮುಂದ ಇರಲಿ ತಂಗಿ, ಯಾವುದೂ ಹಿಂದ ಹೋಗೂದು ಬ್ಯಾಡ" ಎಂದು ಕಾಕಾ ಅಪ್ಪಣೆ ಕೊಟ್ಟ. ಹಾಗೆ ಮಾಡಿದರೆ ಯಾವ ಹಾಳೆ ತೆರೆದಿದೆ ಎಂದೇ ತಿಳಿಯುವುದಿಲ್ಲ ಎಂದೆ. "ನಮಗ ತಿಳೀತದ ಬಿಡು" ಎಂದ. ಎರಡಕ್ಕೂ ಒಂದೇ ಹೊಳಪು ಕೊಟ್ಟೆ.

ಆ ವಾರವೇ, ನಾನು ಕ್ಲಾಸಿನಲ್ಲಿದ್ದ ಹೊತ್ತಿಗೆ, ಹಿರಿಯರ ಸೋದರಳಿಯ ಮಲ್ಲಿಕಾರ್ಜುನ ಕೇಂದ್ರಕ್ಕೆ ಬಂದ. ಪೀರನವಾಡಿಯಲ್ಲಿ ಖೋಲಿ ಮಾಡಿಕೊಂಡು ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸಕ್ಕಿದ್ದವನು. ಟೈಪಿಂಗ್ ಬರುತ್ತದೆ ಎಂದು ಕೇಳಿ ಕಾಕಾ ಅವನನ್ನೇ ಕುರ್ಚಿಗೆ ಕೂರಿಸಿದ. ತೆರೆದಿದ್ದದ್ದು ವಧುವಿನ ಹಾಳೆ. ಹುಡುಗ ಕೇಳಿದ್ದಕ್ಕೆಲ್ಲ ಪ್ರಾಮಾಣಿಕವಾಗಿ ಉತ್ತರಿಸಿ, ಎದ್ದು ಹೋಗುವಾಗ ಕುತೂಹಲಕ್ಕೆ ಇನ್ನೊಂದು ಟ್ಯಾಬು ಒತ್ತಿ ಹೋದ. ಹಾಗೆ ತೆರೆದುಕೊಂಡ ವರನ ಹಾಳೆಯಲ್ಲೇ ಕಾಕಾ ನನ್ನ ವಿವರ ತುಂಬಿದ. ಉದ್ಯೋಗ: ಕಂಪ್ಯೂಟರ್ ಶಿಕ್ಷಕಿ. ಹೊಲ: ಅಪ್ಪಂದು. ಚಟ: ಚಹಾ. ಮುಂದಿನ ವಿಚಾರ: ನೌಕರಿ ಬಿಡುವುದಿಲ್ಲ ಅಂತಾಳೆ. ಪ್ರಶ್ನೆಗಳು ಬದಲಾಗಿವೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಫೋಟೋ ಅಂಟಿಸಿ, ಒಬ್ಬರ ಪ್ರಿಂಟನ್ನು ಇನ್ನೊಬ್ಬರ ಮನೆಗೆ ಕಳಿಸಿದ.

ಖಾನಾಪುರದಲ್ಲಿ ಅದನ್ನು ಓದಿದೆ. ‘ಅಡಿಗೆ: ದಿನಾ ನಾನೇ ಮಾಡಿಕೊಳ್ಳುತ್ತೇನೆ. ಹಾಡು: ಬರುವುದಿಲ್ಲ, ಬೇಕಾದರೆ ಕಲಿಯುತ್ತೇನೆ. ಮಾವನ ಮನೆಯವರೊಂದಿಗೆ: ಹೊಂದಿಕೊಂಡು ಹೋಗುತ್ತೇನೆ.’ ಹಾಳೆ ಅದಲುಬದಲಾದದ್ದು ನನಗೆ ತಕ್ಷಣ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಅಡಿಗೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಮುನಿಯದ ಗಂಡಸನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಬಂದರು. ಅವಲಕ್ಕಿಯಾಯಿತು. ಹಿರಿಯರು ಅಪ್ಪನನ್ನು ಕೇಳಿದರು: "ಲಗ್ನಾದ ಮ್ಯಾಲೆ ನೌಕರಿ ಬಿಡ್ತಾಳಲ್ರಿ?"

ಅಪ್ಪ ಕೆಮ್ಮಿದ. ಎಲ್ಲ ಸಂಬಂಧಗಳೂ ಮುರಿಯುತ್ತಿದ್ದ ಜಾಗಕ್ಕೆ ಬಂದಿದ್ದೆವು.

"ಮಾಮಾ, ಬಿಡೂದಿಲ್ಲ ಅಂತ ಬರದಾರಲ್ಲ" ಎಂದ ಹುಡುಗ.

ಹಿರಿಯರು ಪ್ರಿಂಟು ತೆಗೆದು ಮೊದಲ ಬಾರಿಗೆ ಫೋಟೋದ ಕೆಳಗೂ ಓದಿದರು. ಆಮೇಲೆ ಅಪ್ಪನ ಕೈಯಲ್ಲಿದ್ದ ಸೋದರಳಿಯನ ಹಾಳೆಯನ್ನೂ ಇಸಿದುಕೊಂಡು ಓದಿದರು. ಮಧ್ಯಸ್ಥಿಕೆಗೆ ಬಂದಿದ್ದ ಕಾಕಾ ಟ್ಯಾಬಿನ ಗೊಂದಲವನ್ನು ತಡವರಿಸುತ್ತ ಒಪ್ಪಿಕೊಂಡ.

"ಅಂದ್ರ ನಮ್ಮ ಹುಡುಗನ್ನ ವಧು ಮಾಡಿ ಕುಂದರಿಸೀರೇನ್ರಿ?" ಎಂದು ಹಿರಿಯರು ಎದ್ದು ನಿಂತರು.

ಹುಡುಗ ಏಳಲಿಲ್ಲ. "ಕುಂದರ್ರಿ ಮಾಮಾ. ಅಡಿಗಿ ಬರತದೇನು ಅಂತ ಕೇಳಿತ್ತು. ಈಗ ಗಂಡಸರನ್ನೂ ಕೇಳತಾರ, ಕಾಲ ಬದಲಾಗೇತಿ ಅಂತ ತಿಳಕೊಂಡ್ನಿ. ಬರದದ್ದೆಲ್ಲಾ ಖರೇನ ಐತಿ." ಆಮೇಲೆ ನನ್ನ ಕಡೆ ತಿರುಗಿ, ತಪ್ಪೊಪ್ಪಿಕೊಳ್ಳುವವನಂತೆ ದನಿ ತಗ್ಗಿಸಿ, "ರೊಟ್ಟಿ ಮಾತ್ರ ದುಂಡಗ ಬರೂದಿಲ್ರಿ" ಎಂದ.

ನನಗೆ ಆ ಕ್ಷಣಕ್ಕೇ ಮನಸ್ಸಾಯಿತು. ಇದರಲ್ಲಿ ಮುಚ್ಚಿಡುವುದೇನಿದೆ? "ದುಂಡಗ ಯಾಕ ಬೇಕ್ರಿ, ಬೆಂದರ ಸಾಕು" ಎಂದೆ. ಅವ್ವ ಒಳಗಿನಿಂದ ನನ್ನನ್ನು ಗದರಿದಳು. ಹಿರಿಯರು ಕೂತರು. ಎರಡನೆಯ ಸಲ ಚಹಾ ಬಂತು, ಸಂಬಂಧ ಕೂಡಿತು, ನನ್ನ ಕುರ್ಚಿಯೂ ಉಳಿಯಿತು.

ಮರುದಿನವೇ ಕಾಕಾ ಕೈಮುಗಿದು, ಟ್ಯಾಬುಗಳನ್ನು ಮೊದಲಿನಂತೆ ಬೇರೆಬೇರೆ ಮಾಡು ಎಂದ. ಮಾಡಿದೆ. ತೆರೆದದ್ದು ಹೊಳೆಯುವಂತೆ, ಇನ್ನೊಂದು ಮರ್ಯಾದೆಗೆ ಕುಂದಿಲ್ಲದಷ್ಟೇ ಮಂಕಾಗುವಂತೆ. ಒಳಗಿನ ಪ್ರಶ್ನೆಗಳನ್ನು ಮಾತ್ರ ಎರಡೂ ಹಾಳೆಯಲ್ಲಿ ಒಂದೇ ಮಾಡಿಬಿಟ್ಟೆ. ಆಮೇಲೆ ಎಷ್ಟೋ ಬೀಗರು ಬಂದು ಟ್ಯಾಬಿನ ಮೂಲೆ ದುಂಡಗಿಲ್ಲ, ಅಕ್ಷರ ಸಣ್ಣದಾಯಿತು ಎಂದು ಜಗಳ ತೆಗೆದರು. ಪ್ರಶ್ನೆಗಳ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಅವನ್ನು ಓದುತ್ತಿದ್ದವರು ಮದುವೆಯಾಗುವವರು ಮಾತ್ರ.