ನೈಟ್ರೋಜನ್ ಬರುವ ತನಕ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಜಿಗಣೆ ಎನ್ನುತ್ತಿದ್ದರು. ಆ ಹೆಸರಿಟ್ಟವನು ಅವಳ ಭಾವ, ಅಕ್ಕನ ಗಂಡ, ಉಕ್ಕಿನ ಬೇಸಿನ್ನುಗಳನ್ನು ಒತ್ತಿ ತೆಗೆಯುವ ಆ ಕಾರ್ಖಾನೆಯ ಮೇಸ್ತ್ರಿ. ಕೆಲಸ ಕಲಿಸಿ ಎಂದು ಬೆನ್ನು ಬಿದ್ದ ನಾದಿನಿಯನ್ನು ಮೊದಲು ಗದರಿದ, ಆಮೇಲೆ ನಕ್ಕ, ಕೊನೆಗೆ ಸೋತು ಕೈಗೆ ಸ್ಪ್ಯಾನರ್ ಕೊಟ್ಟ. "ಅಂಟಿಕೊಂಡ್ರೆ ಬಿಡೋ ಪೈಕಿ ಅಲ್ಲ ಇವಳು," ಎಂದಿದ್ದ.

ಪ್ರೆಸ್ಸುಗಳ ಪಕ್ಕದಲ್ಲಿ ನಿಂತಿರುವ ದಪ್ಪ ಉಕ್ಕಿನ ಬಾಟಲಿಗಳ ಉಸ್ತುವಾರಿ ಅವಳದಾಯಿತು. ಅಕ್ಯುಮುಲೇಟರ್ ಎಂಬ ಉದ್ದ ಹೆಸರನ್ನು ಅಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ. ಒಳಗೊಂದು ರಬ್ಬರ್ ಚೀಲ, ಚೀಲದ ತುಂಬ ನೈಟ್ರೋಜನ್. ಪಂಪು ತಳ್ಳಿದ ಎಣ್ಣೆ ಆ ಚೀಲವನ್ನು ಹಿಂಡಿ ಒತ್ತಡವನ್ನು ಕೂಡಿಡುತ್ತದೆ. ಪಂಪು ನಿಂತರೂ ಆ ಒತ್ತಡ ನಿದ್ದೆ ಹೋಗುವುದಿಲ್ಲ. ಮೊದಲು ಸ್ವಿಚ್ಚಿಗೆ ಬೀಗ, ಆಮೇಲೆ ಎಣ್ಣೆಯನ್ನು ಮೆಲ್ಲಗೆ ಟ್ಯಾಂಕಿಗೆ ಬಿಡುವುದು, ಒತ್ತಡದ ಗೇಜಿನ ಮುಳ್ಳು ಸೊನ್ನೆಗಿಳಿದ ಮೇಲೆ ಮಾತ್ರ ಸ್ಪ್ಯಾನರ್: ಈ ಪಾಠ ಹೇಳಿಕೊಟ್ಟವನೂ ಭಾವನೇ.

ಒಂದು ಮಧ್ಯಾಹ್ನ ದೊಡ್ಡ ಪ್ರೆಸ್ಸು ಒತ್ತಿದಾಗಲೆಲ್ಲ ನಡುಗತೊಡಗಿತು, ಕೊಳವೆಗಳು ಗೋಡೆಗೆ ಬಡಿದುಕೊಂಡವು. ಜಿಗಣೆ ಬೀಗ ಹಾಕಿ, ಎಣ್ಣೆ ಇಳಿಸಿ, ಬಾಟಲಿಯ ನೆತ್ತಿಯ ವಾಲ್ವಿಗೆ ಸೋಪಿನ ನೊರೆ ಹಚ್ಚಿದಳು. ಗುಳ್ಳೆ ಎದ್ದಿತು, ಅನಿಲ ಸೋರುತ್ತಿತ್ತು. ಅಳಿದುಳಿದ ಅನಿಲವನ್ನೂ ಹೊರಗೆ ಬಿಟ್ಟು, ಸವೆದಿದ್ದ ಸೀಲು ಬದಲಿಸಿದಳು. ಇನ್ನು ತುಂಬಿಸಬೇಕು. ನೋಡಿದರೆ ನೈಟ್ರೋಜನ್ ಸಿಲಿಂಡರು ಖಾಲಿ! ಗ್ಯಾಸ್ ಅಂಗಡಿಯವನಿಗೆ ಫೋನು ಮಾಡಿದರೆ, ನಾಳೆ ಬೆಳಿಗ್ಗೆ ಎಂದ.

ಬೇಸಿನ್ನುಗಳನ್ನು ಒಯ್ಯಲು ಅಂಗಳದಲ್ಲಿ ಲಾರಿ ಕಾಯುತ್ತಿತ್ತು. ಮಾಲೀಕ ಮತ್ತೆ ಮತ್ತೆ ಫೋನು ಮಾಡಿ ಭಾವನ ಜೀವ ಹಿಂಡುತ್ತಿದ್ದ. ಸ್ವಲ್ಪ ಹೊತ್ತಿಗೆ ಭಾವ ವೆಲ್ಡಿಂಗ್ ಮೂಲೆಯಿಂದ ಆಕ್ಸಿಜನ್ ಸಿಲಿಂಡರನ್ನು ಉರುಳಿಸಿಕೊಂಡು ಬಂದ. ಅದರ ಬಾಯಿ ಬಾಟಲಿಗೆ ಕೂರುವುದಿಲ್ಲ. ಎರಡನ್ನೂ ಜೋಡಿಸಲೆಂದೇ ಆಗಷ್ಟೇ ಲೇತಿನಲ್ಲಿ ಕಡೆಸಿದ ಹಿತ್ತಾಳೆಯ ತುಂಡು ಅವನ ಕೈಯಲ್ಲಿ ಮಿನುಗುತ್ತಿತ್ತು.

ಜಿಗಣೆ ಬಾಟಲಿಗೆ ಅಡ್ಡ ನಿಂತಳು. "ಭಾವ, ಬೇಡ. ಆಕ್ಸಿಜನ್ನೂ ಎಣ್ಣೆನೂ ಆ ಒತ್ತಡದಲ್ಲಿ ಸೇರಿದ್ರೆ ಕಡ್ಡಿ ಗೀರೋದೇ ಬೇಡ. ಬಾಟಲಿ ಸಿಡಿಯುತ್ತೆ."

"ಎಣ್ಣೆ ಹೊರಗೆ, ಗಾಳಿ ಚೀಲದೊಳಗೆ. ಎಲ್ಲಿ ಸೇರುತ್ತೆ?"

"ಚೀಲ ಹಳೇದು. ಸೂಜಿಮೊನೆಯಷ್ಟು ತೂತು ಸಾಕು. ವಾಲ್ವಿಗೆ, ನಮ್ಮ ಕೈಗೆ ಮೆತ್ತಿರೋ ಎಣ್ಣೆನೇ ಸಾಕು."

"ಒಂದು ಸಲಕ್ಕೆ ಏನೂ ಆಗಲ್ಲ, ಸರಿ ಆಚೆ. ಕೆಲಸ ಕಲಿಸಿದೋನಿಗೇ ಪಾಠ ಹೇಳ್ತೀಯಾ?"

"ಕಲಿಸಿದೋರು ನೀವು ಅಂತಾನೇ ಹೇಳ್ತಿರೋದು. ಬೇರೆಯವರಾಗಿದ್ರೆ ಇಷ್ಟು ಹೊತ್ತಿಗೆ ಎಲ್ಲರನ್ನೂ ಹೊರಗೆ ಓಡಿಸ್ತಿದ್ದೆ."

ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ನಿಲ್ಲಿಸಲು ಭಾವ ಆ ಹಿತ್ತಾಳೆ ತುಂಡನ್ನು ಮೇಜಿನ ಮೇಲಿಟ್ಟ. ಜಿಗಣೆ ಅದನ್ನು ಎತ್ತಿಕೊಂಡು ವೈಸಿನ ದವಡೆಗೆ ಕಚ್ಚಿಸಿ ಗರಗಸ ಹಿಡಿದಳು. ಸರಕ್ ಸರಕ್ ಸದ್ದಿಗೆ ಎಲ್ಲರೂ ತಿರುಗಿದರು. ಭಾವ ಬಂದು ಅವಳ ತೋಳು ಹಿಡಿಯುವಷ್ಟರಲ್ಲಿ ತುಂಡು ಎರಡಾಗಿ ನೆಲಕ್ಕೆ ಬಿತ್ತು.

"ಹೊರಗೆ ಹೋಗು," ಎಂದ ಭಾವ.

"ಹೋಗ್ತೀನಿ. ಪ್ರೆಸ್ಸಿನ ಬೀಗದ ಕೈ ನನ್ನ ಹತ್ರಾನೇ ಇರುತ್ತೆ."

ಜಿಗಣೆ ಬೀದಿಗೆ ಬಂದಳು. ಕಾರ್ಖಾನೆಯ ಗೋಡೆಗೆ ಒರಗಿ ಕೂತಳು. ಕೆಲಸ ಹೋದರೆ ಹೋಗಲಿ, ತನ್ನ ಕೋಣೆಯ ಮೇಲಿನ ಮಹಡಿಯಲ್ಲಿರುವ ಅಕ್ಕನ ಮನೆಯ ಬಾಗಿಲೂ ಮುಚ್ಚಿದರೆ? ಆದರೂ ಎದ್ದು ಒಳಗೆ ಹೋಗಿ ಬೀಗದ ಕೈ ಒಪ್ಪಿಸುವ ಯೋಚನೆ ಅವಳ ಹತ್ತಿರ ಸುಳಿಯಲಿಲ್ಲ.

ಸಂಜೆ ಅಕ್ಕ ಮೆಟ್ಟಿಲಿಳಿದು ತಂಗಿಯ ಕೋಣೆಗೆ ಬಂದಳು. "ಅವರು ಗೋಡೆ ನೋಡ್ಕೊಂಡು ಕೂತಿದ್ದಾರೆ, ನೀನು ಸೂರು ನೋಡ್ಕೊಂಡು. ನಿಮ್ಮಿಬ್ಬರ ಜಗಳದಲ್ಲಿ ನನ್ನ ಅಡುಗೆ ಏನು ಪಾಪ ಮಾಡಿತ್ತೇ?"

ತಂಗಿ ನಡೆದದ್ದನ್ನೆಲ್ಲ ಹೇಳಿದಳು. ಅಕ್ಕನ ಮುಖದ ನಗು ಆರಿಹೋಯಿತು. "ಅಪಾಯ ಅಷ್ಟು ಹತ್ರ ಬಂದಿತ್ತಾ? ಮನೇಲಿ ಬಾಯೇ ಬಿಟ್ಟಿಲ್ಲ ಮಹಾನುಭಾವ," ಎಂದು ದಡದಡ ಮೇಲೆ ಹತ್ತಿದಳು. ಮೇಲೆ ಏನು ಮಾತಾಯಿತೋ ಕೆಳಗೆ ಕೇಳಿಸಲಿಲ್ಲ.

ಬೆಳಿಗ್ಗೆ ಯಾರೂ ಕರೆಯದಿದ್ದರೂ ಜಿಗಣೆ ಹೋದಳು. ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಕಾದಿದ್ದ ಭಾವ ನೈಟ್ರೋಜನ್ ತಂದು ನಿಲ್ಲಿಸಿದ್ದ. ಅವಳು ಅಳತೆಯ ಗೇಜು ಕೂರಿಸಿ, ಸಿಲಿಂಡರಿನ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಮೊದಮೊದಲು ರಭಸ ಕೊಟ್ಟರೆ ಚೀಲ ಹರಿಯುತ್ತದೆ. ಭಾವ ಅವಳ ಹಿಂದೆ ಕೈಕಟ್ಟಿ ನಿಂತಿದ್ದ. ಮುಳ್ಳು ಗುರುತಿಗೆ ಬಂದಾಗ ನೊರೆ ಹಚ್ಚಿದಳು. ಈ ಸಲ ಗುಳ್ಳೆ ಏಳಲಿಲ್ಲ.

ಬೀಗ ತೆಗೆದಳು. ಪ್ರೆಸ್ಸು ನಡುಗದೆ ಒತ್ತಿತು. ಲಾರಿ ಮಧ್ಯಾಹ್ನ ಹೊರಟಿತು. ಮಾಲೀಕ ಬೈದದ್ದೆಲ್ಲ ಭಾವನ ಪಾಲಿಗೆ ಬಂತು. ಅವನು ನಾದಿನಿಯ ಕಡೆ ಬೆರಳು ತೋರಿಸಲಿಲ್ಲ. ತಪ್ಪಾಯಿತು ಎಂದು ಅವಳ ಹತ್ತಿರವೂ ಹೇಳಲಿಲ್ಲ. ಆದರೆ ಮರುದಿನ ಆಕ್ಸಿಜನ್ ಸಿಲಿಂಡರುಗಳನ್ನು ಕಾರ್ಖಾನೆಯ ಆ ತುದಿಗೆ ತಾನೇ ಸಾಗಿಸಿದ, ಸುತ್ತಲೂ ಜಾಲರಿ ಕಟ್ಟಿಸಿದ.

"ಉಳಿದ ಬಾಟಲಿ ಯಾವಾಗ ನೋಡ್ತೀಯ?" ಎಂದು ಕೇಳಿದ.

"ಊಟ ಆದ ಮೇಲೆ. ಪ್ರೆಸ್ಸು ನಿಲ್ಲಿಸಿಕೊಡಿ," ಎಂದಳು.

ಭಾವ ತಲೆಯಾಡಿಸಿ ಸ್ವಿಚ್ಚಿನ ಕಡೆ ನಡೆದ.