ಬಸ್ಸಿನ ಧೂಳಿನಲ್ಲಿ ಬಿಡಿಸಿದ ಲೆಕ್ಕ

ಹೊಸಪೇಟೆಯಿಂದ ಯಶವಂತನಗರದ ಪ್ರೌಢಶಾಲೆಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಗಣಿತದ ಟೀಚರು ವಿಜಯಲಕ್ಷ್ಮೀ ಪರೀಕ್ಷಾ ಕೊಠಡಿಯಲ್ಲಿ ಎಂದೂ ಕುಳಿತವರಲ್ಲ. ಬೆಂಚುಗಳ ನಡುವೆ ನಡೆಯುತ್ತ ಮಕ್ಕಳ ಅಂಗೈ ತಿರುಗಿಸಿ ನೋಡುವರು. ಕೆಲವು ಸಲ ನಕಲು ಸಿಕ್ಕಿದ್ದರಿಂದ ಅವರ ಅನುಮಾನಕ್ಕೆ ಶಿಸ್ತು ಎಂಬ ಹೆಸರೂ ಬಂದಿತ್ತು.

ಹತ್ತನೇ ತರಗತಿಯ ಸುಂಕಮ್ಮ ಬೋರ್ಡಿನ ಮುಂದೆ ನಿಂತರೆ ನಡುಗುವ ಹುಡುಗಿ. ಅಂಥವಳು, ಟೀಚರು ರಜೆಯಲ್ಲಿದ್ದಾಗ ನಡೆದ ಪರೀಕ್ಷೆಯಲ್ಲಿ ಎಂಬತ್ತು ಅಂಕ ತೆಗೆದಿದ್ದಳು.

“ಪೂಜಿತಾಂದು ನೋಡಿ ಬರದೀ, ಹೌದಿಲ್ಲೋ?” ರಜೆ ಮುಗಿಸಿ ಬಂದ ಟೀಚರು ಅವಳನ್ನು ಕೇಳಿದರು.

ಪಕ್ಕದ ಪೂಜಿತಾ ಎದ್ದಳು. “ನನಗ ಬಂದಿದ್ದೇ ನಲವತ್ತು ರೀ. ನಂದು ನೋಡಿದ್ರ ಆಕೀನೂ ಮುಳುಗಿರ್ತಿದ್ಲು.”

ತರಗತಿ ನಕ್ಕಿತು, ಟೀಚರು ನಗಲಿಲ್ಲ. ಹಾಗಾದರೆ ನಕಲು ಚೀಟಿ ಇದ್ದಿರಬೇಕು ಎಂದುಕೊಂಡರು. ಪರೀಕ್ಷೆಯ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಲು ಹೇಳಿದರು. ಸುಂಕಮ್ಮ ಮೊದಲ ಸಾಲಿನಲ್ಲೇ ನಿಂತುಬಿಟ್ಟಳು. ಅನುಮಾನ ಗಟ್ಟಿಯಾಯಿತು, ಗಣಿಯಲ್ಲಿ ಅದಿರು ಆರಿಸುವ ಅವಳ ತಾಯಿ ಸಂಗಮ್ಮನಿಗೆ ಕರೆ ಹೋಯಿತು.

“ಕಾಪಿ ಹೊಡಿಯಾಕ ಸಾಲಿ ಯಾಕ್ರಿ? ನಾಳಿಂದ ನನ್ನ ಕೂಡ ಅದಿರು ಆರ್ಸಾಕ ಬರ್ತಾಳ,” ಎಂದು ಹೇಳಿ, ಮಧ್ಯಾಹ್ನವೇ ಬಂದು ದೂರು ಕೇಳಿದ ಸಂಗಮ್ಮ ಗೇಟಿನ ಬಳಿ ಮಗಳಿಗಾಗಿ ಕಾದಳು.

ಶಾಲೆ ಬಿಟ್ಟ ಮೇಲೆ ಸುಂಕಮ್ಮ, ಕಾಂಪೌಂಡಿನ ಪಕ್ಕ ನಿಂತಿದ್ದ ಗಣಿ ಕಂಪನಿಯ ಬಸ್ಸಿನ ಹಿಂದೆ ಸರಿದದ್ದು ಟೀಚರ ಕಣ್ಣಿಗೆ ಬಿತ್ತು. ಚೀಟಿ ಅಡಗಿಸುವುದು ಅಲ್ಲಿಯೇ ಇರಬೇಕೆಂದು ಸದ್ದಿಲ್ಲದೆ ಹೋದರು. ಹುಡುಗಿ ಬಸ್ಸಿಗೆ ಮೆತ್ತಿದ ಕೆಂಧೂಳಿನ ಮೇಲೆ ಬೆರಳಿನಿಂದ ಅದೇ ಲೆಕ್ಕ ಬಿಡಿಸುತ್ತಿದ್ದಳು. ನಡುವೆ ತಪ್ಪಿದಳು, ಅಂಗೈಯಿಂದ ಒರೆಸಿದಳು, ಮತ್ತೆ ಬರೆದಳು. ಉತ್ತರ ಸರಿಯಿತ್ತು.

“ಬೋರ್ಡಿನ ಮ್ಯಾಲ ಯಾಕ ಬರ್ಲಿಲ್ಲ?”

ಬೆಚ್ಚಿದ ಸುಂಕಮ್ಮ ಎಲ್ಲವನ್ನೂ ಅಳಿಸಿಬಿಟ್ಟಳು. “ಇಲ್ಲಿ ತಪ್ಪಿದ್ರ ಯಾರೂ ನೋಡಂಗಿಲ್ರಿ.”

ಬಾಯಿಪಾಠ ಮಾಡಿರಬಹುದು. ಟೀಚರು ಹೊಸ ಲೆಕ್ಕ ಹೇಳಿದರು. ಎತ್ತಿದ ಬೆರಳು ಧೂಳು ಮುಟ್ಟದೆ ನಿಂತುಬಿಟ್ಟಿತು. ಪರೀಕ್ಷೆಯ ದಿನ ತಾವು ರಜೆಯಲ್ಲಿದ್ದುದು ವಿಜಯಲಕ್ಷ್ಮೀಗೆ ಆಗ ನೆನಪಾಯಿತು. ಅವರು ಬೆನ್ನು ತಿರುಗಿಸಿ, ರಸ್ತೆಯ ಲಾರಿಗಳತ್ತ ನೋಡುತ್ತ ನಿಂತರು. ಒಮ್ಮೆ ತಿರುಗಿ ನೋಡಬೇಕೆಂಬ ಆಸೆಯನ್ನು ತಡೆಯುವುದು ಸುಲಭವಿರಲಿಲ್ಲ.

“ಆತ್ರಿ,” ಎಂದಳು ಸುಂಕಮ್ಮ. ಲೆಕ್ಕ ಸರಿಯಿತ್ತು.

ಟೀಚರು ಗೇಟಿಗೆ ಹೋದರು. “ಸಂಗಮ್ಮ, ಆಕಿ ಕಾಪಿ ಹೊಡದಿಲ್ಲ. ತಪ್ಪು ನಂದು. ನಾಳಿ ಸಾಲಿಗೆ ಕಳಸ್ರಿ.”

ಸಂಗಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮಧ್ಯಾಹ್ನ ಕಳ್ಳಿ ಅಂದ್ರಿ, ಸಂಜಿಕ ಕಳಸ್ರಿ ಅಂತೀರಿ. ನಿಮ್ಮನ್ನ ಹೆಂಗ ನಂಬ್ಲಿ?”

ಟೀಚರು ಹಿಂದೆ ಬಂದ ಸುಂಕಮ್ಮನ ಅಂಗೈ ತಿರುಗಿಸಿ, ಮೆತ್ತಿದ್ದ ಕೆಂಧೂಳನ್ನು ತೋರಿಸಿದರು.

“ಪರೀಕ್ಷಾ ತನಕ ನೋಡೂಣು,” ಎಂದಳು ಸಂಗಮ್ಮ.

ಮುಂದಿನ ಪರೀಕ್ಷೆಗೆ ಸುಂಕಮ್ಮ ಬಂದಳು. ವಿಜಯಲಕ್ಷ್ಮೀ ಟೀಚರು ಮೊದಲ ಬಾರಿ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿ ಕುಳಿತರು. ಹಿಂದೆ ಕಾಗದ ಸರಸರನೆ ಸದ್ದು ಮಾಡಿದಾಗ ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು, ಆದರೆ ಅವರು ತಿರುಗಿ ನೋಡಲಿಲ್ಲ.